ಬಳ್ಳಿ ಸರಿಸಿದರೆ ಚರ್ಚು

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ, ಸ್ವಾಫಮ್ ಪೇಟೆಯ ಆಚೆ, ಹೊಲಗಳ ನಡುವಿನ ದಿಬ್ಬದ ಮೇಲೆ ಸೇಂಟ್ ಮೇರಿ ಚರ್ಚು ನಿಂತಿದೆ. ಊರಿನ ಹೆಸರು ಹೌಟನ್ ಆನ್ ದ ಹಿಲ್. ಹೆಸರು ಮಾತ್ರ ಉಳಿದಿದೆ, ಊರಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜೆಪೆಲಿನ್ ವಾಯುನೌಕೆ ಉದುರಿಸಿದ ಬಾಂಬು ಚರ್ಚಿನ ಪಕ್ಕದಲ್ಲೇ ಬಿತ್ತಂತೆ. ಒಕ್ಕಲುಗಳು ಖಾಲಿಯಾದವು, ಪ್ರಾರ್ಥನೆಯೂ ನಿಂತಿತು. ಆಮೇಲೆ ಐವಿ ಬಳ್ಳಿಯದೇ ರಾಜ್ಯಭಾರ.

1992ರಲ್ಲಿ ಮಹಿಳಾ ಸಂಘದವರ ಜೊತೆ ನಡಿಗೆ ಹೊರಟಿದ್ದ ಗ್ಲೋರಿಯಾ ಡೇವಿ ಕಣ್ಣಿಗೆ ಬಿದ್ದದ್ದು ಬಳ್ಳಿ ನುಂಗಿದ ಗೋಪುರ. ಮಾಡು ಹೋಗಿತ್ತು. ಒಳಗೆ ಸೈತಾನನ ಆರಾಧಕರು ಗುಟ್ಟಾಗಿ ಪೂಜೆ ನಡೆಸುತ್ತಿದ್ದ ಕುರುಹುಗಳಿದ್ದವು. ಪತಿ ಬಾಬ್ ಡೇವಿ ನಿವೃತ್ತ ಎಂಜಿನಿಯರ್, ನೆರೆಯ ನಾರ್ತ್ ಪಿಕನಮ್ ಚರ್ಚಿನ ವಾರ್ಡನ್. ವಿಷಯ ಕೇಳಿ ಅವರ ಪಿತ್ತ ನೆತ್ತಿಗೇರಿತು. ಬಳ್ಳಿ ಕಡಿದರು, ದಾರಿ ಮಾಡಿದರು, ರಾತ್ರಿ ಕಾವಲು ಕೂತರು. ಆ ಆರಾಧಕರ ಬೆದರಿಕೆಗಳಿಗೆ ಜಗ್ಗಲಿಲ್ಲ. ಅಧಿಕಾರಿಗಳ ಬೆನ್ನು ಬಿದ್ದು ದುರಸ್ತಿಗೆ ಹಣವನ್ನೂ ತಂದರು.

ಅಷ್ಟರಲ್ಲಿ ಗೋಡೆಯೇ ಬಾಯಿಬಿಟ್ಟಿತು. ನೆನೆದು ಸಡಿಲವಾಗಿದ್ದ ವಿಕ್ಟೋರಿಯಾ ಕಾಲದ ಗಾರೆ ಹಕ್ಕಳೆ ಹಕ್ಕಳೆಯಾಗಿ ಕಳಚಿತು. ಅದರಡಿ 16-17ನೇ ಶತಮಾನದ ಅಕ್ಷರಗಳು. ಮತಸುಧಾರಣೆಯ ಕಾಲದಲ್ಲಿ ಸಂತರ ಚಿತ್ರಗಳಿಗೆ ಸುಣ್ಣ ಬಳಿದು ಮೇಲೆ ವಾಕ್ಯ ಬರೆಸುವುದು ಅಲ್ಲಿನ ರೂಢಿ. ಅದಕ್ಕೂ ಕೆಳಗೆ, ಕೆಂಪು ಮತ್ತು ಹಳದಿ ಕಾವಿಯಲ್ಲಿ, ಸುಮಾರು 1090ರ ಭಿತ್ತಿಚಿತ್ರಗಳು! ಅಂದರೆ ನಾರ್ಮನ್ನರು ಇಂಗ್ಲೆಂಡ್ ಗೆದ್ದು ಒಂದು ತಲೆಮಾರು ಕಳೆದಿದ್ದಷ್ಟೇ.

ಪೂಜಾವೇದಿಕೆಯಿರುವ ಭಾಗಕ್ಕೆ (ಚಾನ್ಸಲ್) ತೆರೆಯುವ ಕಮಾನಿನ ಮೇಲೆ ಮೂರು ವೃತ್ತಗಳೊಳಗೆ ತ್ರಿಯೇಕ ದೇವರು: ಕೂತ ತಂದೆ, ಮುಂದೆ ಹಿಡಿದ ಶಿಲುಬೆ, ಅದರಲ್ಲಿ ಮಗ. ಸುತ್ತ ಅಂತಿಮ ತೀರ್ಪಿನ ದೃಶ್ಯ. ಉತ್ತರದ ಗೋಡೆಯಲ್ಲಿ ನೋಹನ ನಾವೆ. ಯುರೋಪಿನಲ್ಲಿ ಈ ಬಗೆಯ ತ್ರಿಯೇಕ ಚಿತ್ರಗಳಲ್ಲಿ ಇದು ತೀರಾ ಹಳೆಯದು ಎಂದು ಬಲ್ಲವರು ಎಣಿಸುತ್ತಾರೆ. ತಜ್ಞರು ಸಡಿಲವಾದ ಗಾರೆಯನ್ನು ಭದ್ರಪಡಿಸಿದರು, ಆದರೆ ಅಳಿದದ್ದನ್ನು ಹೊಸದಾಗಿ ಬಿಡಿಸಲಿಲ್ಲ. ಹೀಗಾಗಿ ಒಂದೆಡೆ ಮುಖವಿದೆ, ಮೈಯಿಲ್ಲ. ಇನ್ನೊಂದೆಡೆ ಕೈ ಮಾತ್ರ. ಜೀರ್ಣೋದ್ಧಾರವೆಂದರೆ ಬಣ್ಣ ಬಳಿದು ಮಿರಮಿರ ಮಿಂಚಿಸುವುದು ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು.

ಇನ್ನೊಂದು ಮಾತು. ಈ ಚರ್ಚಿಗೆ ಅನುಕೂಲಸ್ಥ ಭಕ್ತರಿದ್ದು ವರ್ಷ ವರ್ಷ ಸುಣ್ಣ-ಗಾರೆ ಮಾಡಿಸಿದ್ದರೆ ಈ ಚಿತ್ರಗಳು ಇಂದಿಗೂ ಒಳಗೇ ಇರುತ್ತಿದ್ದವು. ಹಾಗಂತ ಮಳೆ ಇನ್ನಷ್ಟು ವರ್ಷ ಬಡಿದಿದ್ದರೆ ಗೋಡೆಯೂ ಉಳಿಯುತ್ತಿರಲಿಲ್ಲ. ಬಾಬ್ ಹೊತ್ತಿಗೆ ಸರಿಯಾಗಿ ಬಂದರು. ಆ ಶ್ರಮಕ್ಕೆ ಬ್ರಿಟನ್ನಿನ ಎಂಬಿಇ ಗೌರವ ಸಿಕ್ಕಿತು. ನೋಡಲು ಬಂದವರಲ್ಲಿ ಅಂದಿನ ಯುವರಾಜ ಚಾರ್ಲ್ಸ್ ಕೂಡ ಒಬ್ಬರು. 2021ರಲ್ಲಿ ಬಾಬ್ ತೀರಿಕೊಂಡರು. ಚರ್ಚಿನ ಉಸ್ತುವಾರಿ ಈಗ ಸ್ವಯಂಸೇವಕರದು.