ಅಂಬರ್ ಏಲಿನ ರುಚಿಪರೀಕ್ಷೆ

ಈ ಹೊತ್ತು ನಾನು ಮಾತನಾಡಲಿರುವುದು ಒಂದು ಬಗೆಯ ಬಿಯರನ್ನು ಕುರಿತು ಎಂದೊಡನೆ ಕೆಲವರಿಗೆ ಮುಜುಗರವಾದೀತು. ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ರುಚಿಯನ್ನು ನ್ಯಾಯವಾಗಿ ಅಳೆಯಬಹುದೇ ಎಂಬ ಪ್ರಶ್ನೆಗೆ ಈ ಪಾನೀಯ ಒಂದು ಒಳ್ಳೆಯ ನಿದರ್ಶನವಾಗಿ ಒದಗಿದೆ, ಅಷ್ಟೆ. ಕಾವ್ಯದ ರಸವನ್ನು ವಿವರಿಸಹೊರಟ ಭರತನೂ ನಾಟ್ಯಶಾಸ್ತ್ರದಲ್ಲಿ ಬಗೆಬಗೆಯ ವ್ಯಂಜನಗಳೊಡನೆ ಅನ್ನವನ್ನುಂಡು ಸವಿಯುವವರ ದೃಷ್ಟಾಂತವನ್ನೇ ಕೊಟ್ಟಿದ್ದಾನೆ. ಆದರೆ ನಿಜವಾದ ನಾಲಗೆಯ ಮಾತು ಬಂದಾಗ ಮಾತ್ರ ನಾವು ಅವರವರ ರುಚಿ ಅವರವರಿಗೆ ಎಂದು ಕೈಚೆಲ್ಲಿಬಿಡುತ್ತೇವೆ.

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಇದ್ದ ಅಡ್ಡಿಯನ್ನು ತೆಗೆದುಹಾಕುವ ಶಾಸನಕ್ಕೆ ಅಧ್ಯಕ್ಷ ಕಾರ್ಟರ್ ಅವರ ಸಹಿ ಬಿದ್ದದ್ದು 1978ರಲ್ಲಿ. ಹವ್ಯಾಸಿಗಳು ಹೆಚ್ಚಿದರು, ಸ್ಪರ್ಧೆಗಳು ಹುಟ್ಟಿದವು. ಸ್ಪರ್ಧೆ ಎಂದಮೇಲೆ ತೀರ್ಪುಗಾರರು ಬೇಕು. ಅವರನ್ನು ಪರೀಕ್ಷೆಗೆ ಒಳಪಡಿಸಿ ಅರ್ಹತಾಪತ್ರ ಕೊಡುವ 'ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ' ಎಂಬ ವ್ಯವಸ್ಥೆ 1985ರಲ್ಲಿ ಆರಂಭವಾಯಿತು. ಅದು ಪ್ರತಿಯೊಂದು ಬಗೆಯ ಬಿಯರಿಗೂ ಲಕ್ಷಣಗಳನ್ನು ಬರೆದಿಟ್ಟಿದೆ. ನಮ್ಮ ಲಕ್ಷಣಗ್ರಂಥಕಾರರು ಕಂಡಿದ್ದರೆ ಸಂತೋಷಪಡುತ್ತಿದ್ದರೋ ಏನೋ.

ಅಂಬರ್ ಏಲ್ ಅಂಥ ಬಗೆಗಳಲ್ಲೊಂದು. ನಮ್ಮ ಅಂಬರಕ್ಕೂ ಇದಕ್ಕೂ ಸಂಬಂಧವಿಲ್ಲ. ಯುಗಯುಗಗಳ ಕಾಲ ನೆಲದಲ್ಲಿ ಹುದುಗಿ ಕಲ್ಲಾದ ಮರದ ರಾಳಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಅದು. ಬಿಯರಿನ ಬಣ್ಣವೂ ಆ ರಾಳದಂತೆ, ಹೊನ್ನಿಗೂ ತಾಮ್ರಕ್ಕೂ ನಡುವೆ. ಈ ಬಣ್ಣವೂ ಅದರ ಜೊತೆಗಿನ ಸಿಹಿಯೂ ಬರುವುದು ಕ್ರಿಸ್ಟಲ್ ಮಾಲ್ಟ್ ಎಂಬ ಬಾರ್ಲಿಯಿಂದ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ, ಹುರಿದು ಮಕ್ಕಳಿಗೆ ಸರಿ ಮಾಡುವ ನಮ್ಮ ಮನೆಗಳವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಭೇದವಿರುವುದು ಒಂದೇ ಕಡೆ. ಮೊಳೆತ ಬಾರ್ಲಿಯನ್ನು ಒಣಗಲು ಬಿಡದೆ ಹಸಿಯಾಗಿರುವಾಗಲೇ ಹದವಾಗಿ ಕಾಯಿಸುತ್ತಾರೆ. ಆಗ ಕಾಳಿನ ಹಿಟ್ಟು ಸಿಪ್ಪೆಯೊಳಗೇ ಸಕ್ಕರೆಯಾಗುತ್ತದೆ. ಆಮೇಲೆ ಹುರಿದರೆ ಆ ಸಕ್ಕರೆ ಪಾಕಕ್ಕೆ ತಿರುಗುತ್ತದೆ. ಈ ಸಿಹಿಗೆ ಎದುರಾಗಿ ನಿಲ್ಲುವುದು ಹಾಪ್ಸ್ ಬಳ್ಳಿಯ ಹೂವಿನ ಕಹಿ. ಒರೆಗಾನ್‌ನಲ್ಲಿ ಅಭಿವೃದ್ಧಿಪಡಿಸಿ 1972ರಲ್ಲಿ ಬೆಳೆಗಾರರ ಕೈಗಿತ್ತ 'ಕ್ಯಾಸ್ಕೇಡ್' ತಳಿಯ ಹೂವಿಗೆ ದ್ರಾಕ್ಷಿಹಣ್ಣಿನ ಹೆಸರು ಹೊತ್ತ ಗ್ರೇಪ್‌ಫ್ರೂಟಿನ ಪರಿಮಳವಿದೆ ಎನ್ನುತ್ತಾರೆ. ಆ ಹಣ್ಣು ನಮ್ಮ ಚಕ್ಕೋತದ ಸಂತತಿಯೇ ಆದ್ದರಿಂದ ದೇವನಹಳ್ಳಿಯ ಚಕ್ಕೋತ ಸುಲಿದವರು ಅದನ್ನು ಊಹಿಸಿಕೊಳ್ಳಬಹುದು.

ತೀರ್ಪುಗಾರನ ಮುಂದೆ ಬರುವುದು ಒಂದು ಸಂಖ್ಯೆ ಮತ್ತು ಬಗೆಯ ಹೆಸರು ಮಾತ್ರ. ತಯಾರಿಸಿದವರು ಯಾರೆಂದು ಅವನಿಗೆ ತಿಳಿಯದು. ಒಟ್ಟು 50 ಅಂಕಗಳು. ಪರಿಮಳಕ್ಕೆ 12, ರುಚಿಗೆ 20, ಬಾಯಲ್ಲಿ ಉಂಟಾಗುವ ಸ್ಪರ್ಶಕ್ಕೆ 5, ಒಟ್ಟು ಪರಿಣಾಮಕ್ಕೆ 10. ಬಣ್ಣದಿಂದಲೇ ಹೆಸರು ಪಡೆದ ಈ ಬಿಯರಿನಲ್ಲೂ ನೋಟಕ್ಕೆ ಸಿಕ್ಕುವುದು 3 ಅಂಕ ಮಾತ್ರ. ಇದು ಸರಿಯೆಂದೇ ನನ್ನ ಅಭಿಪ್ರಾಯ. ಮೊದಲು ಮೂಗು, ಆಮೇಲೆ ನಾಲಗೆ. ಪರಿಮಳ ನೊರೆಯೊಡನೆ ಹಾರಿಹೋಗುವುದರಿಂದ ತಡಮಾಡುವಂತಿಲ್ಲ. ತೀರ ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ. ಅಂಥ ಲೋಟವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಬೇಕು.

ಕಷ್ಟವಿರುವುದು ಇನ್ನು ಮುಂದೆ. ಯೀಸ್ಟ್ ಹುದುಗುವಾಗ ಡೈಅಸಿಟೈಲ್ ಎಂಬ ವಸ್ತು ಹುಟ್ಟುತ್ತದೆ; ಅದಕ್ಕೆ ಬೆಣ್ಣೆಯ ವಾಸನೆ. ಸಾಕಷ್ಟು ಕಾಲ ಬಿಟ್ಟರೆ ಯೀಸ್ಟೇ ಅದನ್ನು ಮರಳಿ ಹೀರಿಕೊಳ್ಳುತ್ತದೆ. ತಯಾರಕ ಅವಸರಪಟ್ಟರೆ ಉಳಿದುಬಿಡುತ್ತದೆ. ಅಂಬರ್ ಏಲಿನಲ್ಲಿ ಅದು ದೋಷ. ಆದರೆ ಪಾಕದ ಸಿಹಿ ಈ ಬಿಯರಿನ ಗುಣ. ಬೆಣ್ಣೆ ಬೆರೆತ ಮಿಠಾಯಿಗೂ ಬರಿಯ ಪಾಕಕ್ಕೂ ಇರುವ ಅಂತರವನ್ನು ಒಂದು ಗುಟುಕಿನಲ್ಲಿ ಹೇಳಬಲ್ಲವರೆಷ್ಟು ಮಂದಿ? ಬಲ್ಲವರು ಮೂಗನ್ನಷ್ಟೇ ನಂಬದೆ ಬಾಯನ್ನು ಕೇಳುತ್ತಾರೆ. ಪಾಕದ ಸಿಹಿಯಾದರೆ ಕರಗಿ ಹೋಗುತ್ತದೆ. ಬೆಣ್ಣೆಯ ದೋಷವಾದರೆ ನಾಲಗೆಯ ಮೇಲೆ ಜಿಡ್ಡು ಸವರಿದಂತಾಗುವುದುಂಟು. ಇಲ್ಲಿ ತಪ್ಪಿದರೆ ವಾರಗಟ್ಟಲೆ ಕಾದು ಸೀಸೆ ಕಳುಹಿಸಿದ ಒಬ್ಬ ಹವ್ಯಾಸಿಗೆ ಅವನ ಗುಣವನ್ನೇ ದೋಷವೆಂದು ಬರೆದುಕೊಟ್ಟಂತಾಗುತ್ತದೆ. ಅಂಕಪತ್ರ ಅವನ ಕೈ ಸೇರುತ್ತದೆ. ಮುಂದಿನ ಸಲ ಅವನು ಅದನ್ನು ನಂಬಿ ತನ್ನ ಕ್ರಮವನ್ನು ಬದಲಿಸುತ್ತಾನೆ.

ಇನ್ನೊಂದು ತೊಡಕಿನಲ್ಲಿ ಕನ್ನಡಿಗನಿಗೆ ತುಸು ಅನುಕೂಲವಿದೆ. ಹಾಪ್ಸ್‌ನಿಂದ ಬರುವುದು ಕಹಿ. ಬಾರ್ಲಿಯ ಸಿಪ್ಪೆಯನ್ನು ಅತಿಯಾಗಿ ಬಿಸಿಯಾದ ನೀರಿನಲ್ಲಿ ತೊಳೆದರೆ ಬರುವುದು ಒಗರು. ಮೊದಲನೆಯದು ಬೇಕು, ಎರಡನೆಯದು ಬೇಡ. ಹೊಸ ತೀರ್ಪುಗಾರರು ಈ ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿಬಿಡುವುದು ಸಾಮಾನ್ಯ. ಹಾಗಲಕಾಯಿಯನ್ನೂ ಎಳೆಯ ಬಾಳೆಕಾಯಿಯನ್ನೂ ಬೇರೆಬೇರೆ ಮಾತಿನಿಂದ ಕರೆಯುವ ಭಾಷೆಯಲ್ಲಿ ಬೆಳೆದವನು ಹಾಗೆ ಮಾಡಲಾರ.

ತನ್ನ ಇಷ್ಟವನ್ನು ತೀರ್ಪುಗಾರ ಏನು ಮಾಡಬೇಕು? ಮುಂದಿರುವುದು ಬಹು ಸೊಗಸಾದ ಬಿಯರೇ ಇರಬಹುದು. ಆದರೆ ಕಹಿ ಮಿತಿಮೀರಿದ್ದರೆ ಅದು ಅಂಬರ್ ಏಲ್ ಅಲ್ಲ, ಅಂಕ ಇಳಿಯಲೇಬೇಕು. ರಗಳೆ ಎಷ್ಟೇ ಚೆನ್ನಾಗಿದ್ದರೂ ಷಟ್ಪದಿಯ ಸ್ಪರ್ಧೆಯಲ್ಲಿ ಗೆಲ್ಲಬಾರದಷ್ಟೆ. ಕೊನೆಯ 10 ಅಂಕಗಳಲ್ಲಿ ಮಾತ್ರ ಅವನ ಸಂತೋಷಕ್ಕೆ ಒಂದಿಷ್ಟು ಎಡೆಯಿದೆ. ಒಂದೇ ಮೇಜಿನವರು ತಮ್ಮ ತಮ್ಮ ಅಂಕ ಬರೆದು ಮುಗಿಸುವ ತನಕ ಒಬ್ಬರೊಡನೊಬ್ಬರು ಮಾತನಾಡುವುದಿಲ್ಲ. ಒಬ್ಬನ ಹುಬ್ಬು ಮೇಲೇರಿದ್ದನ್ನು ಕಂಡೇ ಇನ್ನೊಬ್ಬನ ನಾಲಗೆ ತಿರುಗಬಹುದಲ್ಲ!

ಸಿಹಿಗೂ ಕಹಿಗೂ ನಡುವೆ ನಿಂತ ಈ ಬಿಯರಿಗೆ ಮಾರುಕಟ್ಟೆಯಲ್ಲಿ ಈಚೆಗೆ ಅಷ್ಟು ಒಳ್ಳೆಯ ಕಾಲವಿಲ್ಲ. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ 1991ರಲ್ಲಿ ಆರಂಭವಾದ ನ್ಯೂ ಬೆಲ್ಜಿಯಂ ಸಂಸ್ಥೆ ಹೆಸರಾದದ್ದೇ 'ಫ್ಯಾಟ್ ಟೈರ್' ಎಂಬ ಅಂಬರ್ ಏಲಿನಿಂದ. 2023ರ ಜನವರಿಯಲ್ಲಿ ಅದರ ಪಾಕಕ್ರಮವನ್ನು ಬದಲಿಸಿ ಬಣ್ಣವನ್ನು ತಿಳಿಹೊನ್ನಾಗಿಸಿದರು. ಹೆಸರಿನೊಳಗಿನ 'ಅಂಬರ್' ಎಂಬ ಮಾತೂ ಅಳಿಯಿತು. ಸ್ಪರ್ಧೆಗಳ ಲಕ್ಷಣಪಟ್ಟಿಯಲ್ಲಿ ಮಾತ್ರ ಅಂಬರ್ ಏಲ್ ಉಳಿದಿದೆ: ಮದ್ಯಸಾರ ಶೇಕಡಾ 4.5ರಿಂದ 6.2, ಕಹಿಯ ಮಾನ 25ರಿಂದ 40. ಅದನ್ನು ಓದಿ ಹದ ಹಿಡಿಯುವ ಕೆಲಸ ಮನೆಯ ಒಲೆಯ ಮುಂದೆ ನಿಂತ ಹವ್ಯಾಸಿಗಳ ಪಾಲಿಗಿದೆ.