ಒಂದು ಕಿಲೋ ಜೀವ, ನೂರಾರು ಕಿಲೋಮೀಟರ್ ದಾರಿ

ಒಂದು ಕಿಲೋ ತೂಕದ ಕೂಸಿನ ಮೈಯಲ್ಲಿ ಒಟ್ಟು ಎಷ್ಟು ರಕ್ತ ಇರುತ್ತದೆ? ಸುಮಾರು 90 ಮಿಲಿಲೀಟರ್. ಬಸ್‌ಸ್ಟ್ಯಾಂಡ್ ಹೋಟೆಲಿನ ಒಂದು ಚಾ ಗ್ಲಾಸಿನಷ್ಟು. ಪರೀಕ್ಷೆಗೆಂದು ಅದರಲ್ಲಿ 5 ಮಿಲಿಲೀಟರ್ ತೆಗೆದರೆ, ದೊಡ್ಡವರ ಮೈಯಿಂದ 280 ಮಿಲಿಲೀಟರ್ ತೆಗೆದಷ್ಟಾಯಿತು. ರಕ್ತದಾನ ಶಿಬಿರದಲ್ಲಿ ನಾವು ಕೊಡುವ ಬಾಟಲಿಗೆ ಸ್ವಲ್ಪವೇ ಕಡಿಮೆ. ಹಾಗಾಗಿ ಇಂಥ ಕೂಸುಗಳ ವಾರ್ಡಿನಲ್ಲಿ ರಕ್ತವನ್ನು ಹನಿ ಲೆಕ್ಕದಲ್ಲಿ ತೆಗೆಯುತ್ತಾರೆ.

ಇಷ್ಟು ಚಿಕ್ಕ ಜೀವ ಹುಟ್ಟಿದ ಜಿಲ್ಲೆಯಾದರೋ ಬಲು ದೊಡ್ಡದು. ಉತ್ತರ ಕನ್ನಡದ ವಿಸ್ತೀರ್ಣ 10,291 ಚದರ ಕಿಲೋಮೀಟರ್. ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಗೋವಾ ಇಡೀ ರಾಜ್ಯವೇ 3,702. ನಮ್ಮ ಒಂದು ಜಿಲ್ಲೆಯೊಳಗೆ ಎರಡು ಗೋವಾ ಇಟ್ಟು ಇನ್ನೂ ಮುಕ್ಕಾಲು ಗೋವಾಕ್ಕೆ ಜಾಗ ಉಳಿಯುತ್ತದೆ. ಜಿಲ್ಲಾ ಕೇಂದ್ರ ಕಾರವಾರವೋ ಈ ಹರವಿನ ಒಂದು ಮೂಲೆಯಲ್ಲಿ, ಸಮುದ್ರಕ್ಕೆ ಆತುಕೊಂಡು ಕೂತಿದೆ. ಅಲ್ಲಿಂದ ಅಂಕೋಲೆಗೆ ಮೂವತ್ತೈದು ಕಿಲೋಮೀಟರ್ ಆಸುಪಾಸು. ಈ ಕಡೆಯಿಂದ ಹೊರಗೆ ಹೋಗುವ ದಾರಿಗಳು ಮೂರು: ಉತ್ತರಕ್ಕೆ ಕಾಳಿ ಸೇತುವೆ ದಾಟಿ ಗೋವಾದ ಬಾಂಬೋಳಿ, ಪೂರ್ವಕ್ಕೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ, ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಮಣಿಪಾಲ. ಮಗುವಿಗೆ ಹೆಚ್ಚಾಯಿತು ಎಂದರೆ ಈ ಕಡೆಯ ಜನ ಇವತ್ತಿಗೂ ದೊಡ್ಡ ಆಸ್ಪತ್ರೆ ಇರುವ ಈ ಮೂರು ಊರುಗಳ ಹೆಸರನ್ನೇ ಎತ್ತುತ್ತಾರೆ.

ಅಂಕೋಲೆಯಿಂದ ಹುಬ್ಬಳ್ಳಿಗೆ 130 ಕಿಲೋಮೀಟರಿನ ಮೇಲೆ. ಘಟ್ಟ, ತಿರುವು, ಲಾರಿ ಎಲ್ಲ ಸೇರಿ ಮೂರು ಗಂಟೆ ಎನ್ನೋಣ. ಉಸಿರಾಟದ ತೊಂದರೆ ಇರುವ ಹಸುಗೂಸು ನಿಮಿಷಕ್ಕೆ ಅರವತ್ತಕ್ಕಿಂತ ಹೆಚ್ಚು ಸಲ ಉಸಿರಾಡುತ್ತದೆ. ಮೂರು ಗಂಟೆಗೆ 10,800 ಉಸಿರು. ಪ್ರತಿ ಉಸಿರಿಗೂ ಪಕ್ಕೆಲುಬಿನ ಸಂದು ಒಳಸೇರುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಸಣ್ಣಗೆ ನರಳುವ ಸದ್ದು. ಹತ್ತು ಸಾವಿರದ ಎಂಟುನೂರು ಸಲ ಅದು ತಾನೇ ಎಳೆದುಕೊಳ್ಳಬೇಕು. ನಡುವೆ ಇಪ್ಪತ್ತು ಸೆಕೆಂಡು ಮರೆತರೂ ಯಾರಾದರೂ ಅಂಗಾಲು ತಟ್ಟಿ ನೆನಪಿಸಬೇಕು. ಯಲ್ಲಾಪುರದ ಕಾಡಿನಲ್ಲಿ, ರಾತ್ರಿ ಎರಡು ಗಂಟೆಗೆ, ಓಡುವ ಆಂಬುಲೆನ್ಸಿನೊಳಗೆ ತಟ್ಟುವವರು ಯಾರು?

ಮಳೆಗಾಲದಲ್ಲಿ ಆ ದಾರಿಯಾದರೂ ಇದೆಯೇ? 2021ರ ಜುಲೈಯಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಜರಿಯಿತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಕುಸಿದು ಹೆದ್ದಾರಿಯನ್ನು ಮುಚ್ಚಿತು, ಅಲ್ಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ದಕ್ಷಿಣದ ದಾರಿ ದಿನಗಟ್ಟಲೆ ಮುಚ್ಚಿತ್ತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಪಕ್ಕದಲ್ಲಿ ಹೊಸ ಸೇತುವೆ ಇತ್ತೆಂದು ಗೋವಾದ ದಾರಿ ಉಳಿಯಿತು. ಇನ್ನೊಂದು ಶಿರೂರನ್ನೂ ಮರೆಯುವ ಹಾಗಿಲ್ಲ. ಬೈಂದೂರಿನ ಆ ಶಿರೂರಿನ ಟೋಲ್ ಗೇಟಿನಲ್ಲಿ 2022ರ ಜುಲೈ 20ರಂದು, ಹೊನ್ನಾವರದಿಂದ ಉಡುಪಿ ಕಡೆಗೆ ಧಾವಿಸುತ್ತಿದ್ದ ಆಂಬುಲೆನ್ಸ್ ಉರುಳಿ ನಾಲ್ವರು ತೀರಿಕೊಂಡರು. ನಮಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂಬ ಜಿಲ್ಲೆಯ ಜನರ ಕೂಗು ಆ ತಿಂಗಳು ಜೋರಾಯಿತು. ಅದು ನ್ಯಾಯವಾದ ಕೂಗು. ಆದರೆ ಹಸುಗೂಸಿನ ಮಟ್ಟಿಗೆ ಎಲ್ಲೋ ಒಂದೆಡೆ ದೊಡ್ಡ ಕಟ್ಟಡ ಎದ್ದರೆ ಸಾಲದು. ಅದಕ್ಕೆ ಬೇಕಾದ ಆಸ್ಪತ್ರೆ ಅದು ಹುಟ್ಟಿದ ಜಾಗದಿಂದ ನಿಮಿಷಗಳ ದೂರದಲ್ಲಿರಬೇಕು.

ಇನ್ನು ಜಿಲ್ಲೆಯ ಲೆಕ್ಕ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 14,37,169. ರಾಜ್ಯದ ಜನನ ಪ್ರಮಾಣ 2020ರಲ್ಲಿ ಸಾವಿರಕ್ಕೆ 16.5. ಗುಣಿಸಿದರೆ ವರ್ಷಕ್ಕೆ 23,700 ಮಕ್ಕಳು, ದಿನಕ್ಕೆ 65. ಹುಟ್ಟಿದ ನೂರು ಮಕ್ಕಳಲ್ಲಿ ಹತ್ತಕ್ಕೆ ಮೊದಲ ಉಸಿರಿಗೆ ಏನಾದರೂ ನೆರವು ಬೇಕಾಗುತ್ತದೆ: ಒರೆಸಿ ಬೆನ್ನು ತಿಕ್ಕುವುದು, ಬಾಯಿ ಮೂಗು ಚೊಕ್ಕ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಅಂಬು ಬ್ಯಾಗಿನಿಂದ ಗಾಳಿ ಒತ್ತುವುದು. ಇದೆಲ್ಲ ಹುಟ್ಟಿದ ಒಂದು ನಿಮಿಷದೊಳಗೆ ಶುರುವಾಗಬೇಕು. ದಿನಕ್ಕೆ ಆರೇಳು ಸಲ, ಈ ಜಿಲ್ಲೆಯ ಯಾವುದೋ ಹೆರಿಗೆ ಕೋಣೆಯಲ್ಲಿ, ಆ ಒಂದು ನಿಮಿಷ ಬಂದು ಹೋಗುತ್ತದೆ. ರಾಜ್ಯದಲ್ಲಿ ಆ ವರ್ಷ ಹುಟ್ಟಿ 28 ದಿನದೊಳಗೆ ತೀರಿಕೊಂಡ ಶಿಶುಗಳು ಸಾವಿರಕ್ಕೆ 14. ಅದೇ ಸರಾಸರಿಯನ್ನು ಇಲ್ಲಿಗೂ ಹಿಡಿದರೆ ವರ್ಷಕ್ಕೆ 330 ತೊಟ್ಟಿಲು ಖಾಲಿ. ದೇಶದ ಸರಾಸರಿ 20 ಆಗಿದ್ದಾಗ ನಮ್ಮದು 14 ಎಂದು ಬೆನ್ನು ತಟ್ಟಿಕೊಳ್ಳಬಹುದು. ವಾರಕ್ಕೆ ಆರು ಎಂದು ಎಣಿಸಿದಾಗ ಮಾತ್ರ ಕೈ ಅಲ್ಲಿಗೇ ನಿಲ್ಲುತ್ತದೆ.

ಕಾರವಾರದ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುವ ನಮಗೆ ನಂಬಲು ಕಷ್ಟವಾಗುವ ಸಂಗತಿಯೊಂದಿದೆ: ಇಲ್ಲಿಯೂ ಕೂಸುಗಳು ಚಳಿಗೆ ಸಾಯುತ್ತವೆ. ಆಗಷ್ಟೇ ಹುಟ್ಟಿದ ಒದ್ದೆ ಮೈಯ ಶಿಶುವಿನ ಚರ್ಮದ ಉಷ್ಣತೆ ನಿಮಿಷಕ್ಕೆ 0.3 ಡಿಗ್ರಿಯಷ್ಟು ಇಳಿಯಬಲ್ಲದು. 23 ಡಿಗ್ರಿಯ ಕೋಣೆಯಲ್ಲಿ ಒರೆಸದೆ ಮಲಗಿಸಿದ ಕೂಸಿಗೆ ಆಗುವ ಚಳಿ, ಶೂನ್ಯ ಡಿಗ್ರಿಯಲ್ಲಿ ಬರಿಮೈಯಲ್ಲಿ ನಿಂತ ದೊಡ್ಡವರಿಗೆ ಆಗುವಷ್ಟು. ಬಾಣಂತಿಗೆ ಸೆಖೆ ಎಂದು ಹಾಕಿದ ಫ್ಯಾನೇ ಅದಕ್ಕೆ ಕುತ್ತಾಗಬಹುದು.

ಇದಕ್ಕೆಲ್ಲ ದೇಶ ಕಂಡುಕೊಂಡ ದಾರಿ ಶುರುವಾದದ್ದು ಯಾವ ಮಹಾನಗರದಲ್ಲೂ ಅಲ್ಲ, ಪಶ್ಚಿಮ ಬಂಗಾಳದ ಪುರುಲಿಯಾ ಎಂಬ ಬಡ ಜಿಲ್ಲೆಯ ಆಸ್ಪತ್ರೆಯಲ್ಲಿ, 2003ರಲ್ಲಿ. ಅಲ್ಲಿ ತೆರೆದ ನವಜಾತ ಶಿಶುಗಳ ವಿಶೇಷ ಘಟಕ, ಈಗ ಎಲ್ಲರ ಬಾಯಲ್ಲಿರುವ ಎಸ್‌ಎನ್‌ಸಿಯು, ದೇಶದಲ್ಲಿ ಇಂದು ಸಂಖ್ಯೆಯಲ್ಲಿ ಸಾವಿರ ದಾಟಿದೆ. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಕೂಸುಗಳು ಅವುಗಳ ಬಾಗಿಲು ಹೊಕ್ಕು ಬರುತ್ತವೆ. ವ್ಯವಸ್ಥೆ ಮೂರು ಮೆಟ್ಟಿಲಿನದು. ಹೆರಿಗೆಯಾಗುವಲ್ಲೆಲ್ಲ ವಾರ್ಮರ್ ಇರುವ ಒಂದು ಮೂಲೆ. ತಾಲೂಕು ಮಟ್ಟದಲ್ಲಿ ನಾಲ್ಕು ಹಾಸಿಗೆಯ ಘಟಕ. 1800 ಗ್ರಾಮಿಗಿಂತ ಕಡಿಮೆ ತೂಕದವಕ್ಕೆ, 34 ವಾರ ತುಂಬುವ ಮೊದಲೇ ಹುಟ್ಟಿದವಕ್ಕೆ ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯು. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಜಿಲ್ಲಾಸ್ಪತ್ರೆ ಅದರ ಭಾಗವಾಗಿ ಕ್ರಿಮ್ಸ್ ಎನಿಸಿತು. ವರ್ಷಕ್ಕೆ 3,000 ಹೆರಿಗೆ ಆಗುವ ಆಸ್ಪತ್ರೆಗೆ ಕನಿಷ್ಠ 12 ಹಾಸಿಗೆ, ಮುಂದಿನ ಪ್ರತಿ ಸಾವಿರಕ್ಕೆ ಇನ್ನು ನಾಲ್ಕು ಎನ್ನುವುದು ಕೇಂದ್ರದ ನಿಯಮ. ಜಿಲ್ಲೆಯ ಎಲ್ಲ ಮಕ್ಕಳೂ ಒಂದೇ ಸೂರಿನಡಿ ಹುಟ್ಟುತ್ತಾರೆಂದು ಕಲ್ಪಿಸಿಕೊಂಡರೆ ಈ ನಿಯಮದಂತೆ ಸುಮಾರು 95 ಹಾಸಿಗೆ ಬೇಕು. ಹಾಗೆ ಹುಟ್ಟುವುದಿಲ್ಲವಲ್ಲ! ಭಟ್ಕಳದಲ್ಲೂ ಜೋಯಿಡಾದಲ್ಲೂ ಹುಟ್ಟುತ್ತಾರೆ. ಆದ್ದರಿಂದಲೇ ಕಾರವಾರದಲ್ಲಿ ಹಾಸಿಗೆ ಹೆಚ್ಚಿಸುವಷ್ಟೇ ಗಂಭೀರವಾಗಿ ಅಂಕೋಲೆಯಂಥ ತಾಲೂಕಿನ ನಾಲ್ಕು ಹಾಸಿಗೆಗಳನ್ನು ಇಪ್ಪತ್ನಾಲ್ಕು ತಾಸೂ ಎಚ್ಚರವಾಗಿಡಬೇಕು.

ಹಾಸಿಗೆ ಎಂದರೆ ಕಬ್ಬಿಣ ಮತ್ತು ಕರೆಂಟು ಎಂದುಕೊಂಡವರು ಒಮ್ಮೆ ಹಾಲು ಕುಡಿಸುವುದನ್ನು ಹತ್ತಿರದಿಂದ ನೋಡಬೇಕು. ಚೀಪಲು ಶಕ್ತಿಯಿಲ್ಲದ ಕೂಸಿಗೆ ತಾಯಿ ಹಾಲು ಹಿಂಡಿ ಕೊಡುತ್ತಾಳೆ. ಒಂದು ಕಿಲೋದ ಕೂಸಿಗೆ ಮೊದಲ ದಿನಗಳಲ್ಲಿ ಎರಡು ತಾಸಿಗೊಮ್ಮೆ 5ರಿಂದ 7 ಮಿಲಿಲೀಟರ್, ಒಂದು ಚಹಾ ಚಮಚದ ಲೆಕ್ಕ. ಮೊದಮೊದಲು ಮೂಗಿನಿಂದ ಇಳಿಸಿದ ಸಣ್ಣ ನಳಿಕೆಯಲ್ಲಿ. ನುಂಗಲು ಕಲಿತ ಮೇಲೆ ಒಳಲೆಯಲ್ಲಿ. ಹೌದು, ನಮ್ಮ ಅಜ್ಜಿಯರ ಅದೇ ಒಳಲೆ. ದೇಶದ ಮಾರ್ಗಸೂಚಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಸಿಸ್ಟರ್ ಕೂಸಿನ ತಲೆ ಸ್ವಲ್ಪ ಎತ್ತಿ, ಒಳಲೆಯ ಕೊಕ್ಕನ್ನು ತುಟಿಯ ಅಂಚಿಗೆ ತಾಗಿಸಿ ಕಾಯುತ್ತಾಳೆ. ನಾಲಿಗೆ ಹೊರಗೆ ಬಂದು ಮುಟ್ಟಿದಾಗ ಒಂದು ಹನಿ ಜಾರಿಸುತ್ತಾಳೆ. ನುಂಗಿತೇ? ಉಸಿರು ಬಂತೇ? ಮತ್ತೊಂದು ಹನಿ. ಹನ್ನೆರಡು ಕೂಸಿಗೆ ದಿನಕ್ಕೆ ಹನ್ನೆರಡು ಸಲ ಎಂದರೆ 144 ಬಾರಿ. ಮೂರು ನಾಲ್ಕು ಕೂಸಿಗೆ ಒಬ್ಬ ನರ್ಸ್ ಇರಬೇಕೆನ್ನುವುದು ಇದಕ್ಕೇ. ಇಷ್ಟೆಲ್ಲ ಮಾಡಿದ್ದಕ್ಕೆ ದಿನಕ್ಕೆ ಏರುವ ತೂಕ ಹದಿನೈದು ಗ್ರಾಂ ಆಸುಪಾಸು. ತಾಯಿಗೆ ಆ ಹದಿನೈದು ಗ್ರಾಮೇ ಹಬ್ಬ.

ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ 1963ರ ಆಗಸ್ಟ್‌ನಲ್ಲಿ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ 2.1 ಕಿಲೋ. ಶ್ವಾಸಕೋಶ ಬಲಿತಿರಲಿಲ್ಲ. ಜಗತ್ತಿನ ಅತಿ ಪ್ರಬಲ ವ್ಯಕ್ತಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಕಾದು ಕೂತಿದ್ದರೂ 39 ಗಂಟೆಗೆ ಮಗು ತೀರಿಕೊಂಡಿತು. ಇಂದು ಆ ತೂಕದ, ಆ ತೊಂದರೆಯ ಮಗುವನ್ನು ನಮ್ಮ ಜಿಲ್ಲಾಸ್ಪತ್ರೆಗಳು ಉಳಿಸಿ ಮನೆಗೆ ಕಳಿಸುತ್ತವೆ. ಅವಧಿಗೆ ಮೊದಲೇ ನೋವು ಕಾಣಿಸಿಕೊಂಡ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚಿದರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಐದು ದೇಶಗಳ 29 ಆಸ್ಪತ್ರೆಗಳಲ್ಲಿ 2,852 ತಾಯಂದಿರ ಮೇಲೆ ಇದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅಧ್ಯಯನದಲ್ಲಿ ನಮ್ಮ ಬೆಳಗಾವಿಯೂ ಇತ್ತು. ಸೂಕ್ತವಾದ 25 ತಾಯಂದಿರಿಗೆ ಕೊಟ್ಟರೆ ಒಂದು ಕೂಸು ಹೆಚ್ಚಾಗಿ ಉಳಿಯುತ್ತದೆ. ಔಷಧಿಯೋ ಬಲು ಅಗ್ಗದ್ದು. ಅಪಾಯದ ಸುಳಿವು ಸಿಕ್ಕ ಗರ್ಭಿಣಿಯನ್ನು ಹೆರಿಗೆಗೆ ಮೊದಲೇ ದೊಡ್ಡ ಆಸ್ಪತ್ರೆಗೆ ಮುಟ್ಟಿಸುವುದು ಇನ್ನೂ ಒಳ್ಳೆಯದು. ಕೂಸಿಗೆ ತಾಯಿಯ ಹೊಟ್ಟೆಗಿಂತ ಸುರಕ್ಷಿತವಾದ ಆಂಬುಲೆನ್ಸ್ ಯಾರೂ ಮಾಡಿಲ್ಲ.

ಹೊಟ್ಟೆಯ ನಂತರ ಎದೆ. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅಂಟಿಸಿ ಕಟ್ಟುವ ಕಾಂಗರೂ ಆರೈಕೆ 1970ರ ದಶಕದ ಕೊನೆಗೆ, ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹುಟ್ಟಿದ ಉಪಾಯ. ಹುಟ್ಟಿದ ಕೂಡಲೇ ಹೀಗೆ ಮಾಡಿದರೆ ಏನಾಗುತ್ತದೆ ಎಂದು 3,211 ಶಿಶುಗಳಲ್ಲಿ ನೋಡಿದ ಅಧ್ಯಯನ 2021ರಲ್ಲಿ ಬಂತು. ಮೊದಲ 28 ದಿನದ ಸಾವು ಕಾಲುಭಾಗ ಇಳಿದಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಕೊಂಡೊಯ್ದು ನೋಡಿದ್ದಾರೆ.

ಕಾರವಾರ, ಅಂಕೋಲೆ ಕಡೆಯ ಓದುಗರಲ್ಲಿ ಒಂದು ವಿನಂತಿ. ಕೂಸು ಹಾಲು ಬಿಟ್ಟರೆ, ಅಂಗಾಲು ತಣ್ಣಗಿದ್ದರೆ ಅಥವಾ ಹಳದಿಗಟ್ಟಿದ್ದರೆ, ನಿಮಿಷಕ್ಕೆ ಅರವತ್ತು ಅಥವಾ ಅದಕ್ಕಿಂತ ಹೆಚ್ಚು ಉಸಿರು ಎಣಿಸಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೂ, ಗಾಡಿಯಲ್ಲೂ, ತಲೆಗೆ ಟೊಪ್ಪಿಗೆ ಹಾಕಿ ಕೂಸನ್ನು ಬರಿಮೈಯಲ್ಲಿ ಎದೆಗೆ ಕಟ್ಟಿಕೊಳ್ಳಿ. ಮುಖ ಕಾಣುತ್ತಿರಲಿ, ಮೂಗು ಮುಚ್ಚದಿರಲಿ. ಬಾಣಂತಿಗೆ ಆಗದಿದ್ದರೆ ಅಪ್ಪನ ಎದೆಯೂ ಆಗುತ್ತದೆ, ಅಜ್ಜಿಯ ಎದೆಯೂ ಆಗುತ್ತದೆ.