ಆಟೋ ರಾಜನೂ ಇವರೇ, ಮಾಲ್ಗುಡಿ ಕಟ್ಟಿದವರೂ ಇವರೇ!

ನಂದಿನಿ ಲೇಔಟಿನಲ್ಲಿ ಇರೋರಿಗೆ ಒಂದು ಗತ್ತು. ಯಾಕೆ ಅಂತೀರಾ? ಕಂಠೀರವ ಸ್ಟುಡಿಯೊ ನಮ್ಮ ಪಕ್ಕದಲ್ಲೇ ಇದೆಯಲ್ಲ! 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರು ಅಲ್ಲೇ ಮಣ್ಣಾದರು. 2021ರಲ್ಲಿ ಅಪ್ಪು ಕೂಡ. ಊರೂರಿಂದ ಬಂದ ಅಭಿಮಾನಿಗಳು ಸಮಾಧಿಗೆ ಕೈಮುಗಿದು, ಕಣ್ಣೊರೆಸಿಕೊಂಡು ಹೊರಗೆ ಬರುತ್ತಾರೆ. ಬಂದವರಿಗೆ ರಸ್ತೆಯಲ್ಲಿ ಎದುರಾಗೋದು ಯಾರು? ಆಟೋಗಳ ಬೆನ್ನ ಮೇಲೆ ನಗುತ್ತಾ ಕೂತಿರೋ ಶಂಕರ್‌ನಾಗ್!

ಸಂಜೆ ಹೊತ್ತು ನಾನು ಆಟೋ ಸ್ಟ್ಯಾಂಡಿನ ಕಲ್ಲುಬೆಂಚಿನ ಗಿರಾಕಿ. ಅಲ್ಲಿ ನನಗೊಬ್ಬ ಹಳೇ ದೋಸ್ತ್ ಇದ್ದಾನೆ, ಮೀಸೆ ಬಂದಾಗಿನಿಂದ ಆಟೋ ಓಡಿಸ್ತಿರೋ ಆಸಾಮಿ. ಅವನ ಪಾಲಿಗೆ ಶಂಕ್ರಣ್ಣ ಅಂದರೆ 1980ರ ‘ಆಟೋ ರಾಜ’, 1988ರ ‘ಸಾಂಗ್ಲಿಯಾನ’. ಮುಗೀತು. ನಾನೋ, ಕಾಲೇಜಿನಲ್ಲಿ ಕಲಾತ್ಮಕ ಚಿತ್ರಗಳ ಹುಚ್ಚು ಹಿಡಿಸಿಕೊಂಡವನು. “ಅದೂ ಒಂದು ಸಿನಿಮಾನೇನಯ್ಯ? ‘ಆಕ್ಸಿಡೆಂಟ್’ ನೋಡು, ಆಮೇಲೆ ಮಾತಾಡು” ಅಂತ ವರ್ಷಗಟ್ಟಲೆ ಅವನನ್ನು ಚುಚ್ಚಿದ್ದೇನೆ. ನನ್ನ ಆ ಜಂಬ ಇಳಿದ ಕಥೆ ಇದು.

ಮಿತ್ರರೇ, ನಾವು ಚಿತ್ರಗಳನ್ನು ಬೇರೆ ಬೇರೆ ಪಂಕ್ತಿ ಹಾಕಿ ಊಟಕ್ಕೆ ಕೂರಿಸ್ತೀವಿ. ಹೊಡೆದಾಟದ್ದು ಹೊರಗೆ, ಅಳಿಸೋದು ಒಳಗೆ, ಪ್ರಶಸ್ತಿಯದು ದೇವರ ಮನೆಯಲ್ಲಿ, ಟಿ.ವಿ. ಧಾರಾವಾಹಿಗೆ ಎಲೆಯೇ ಇಲ್ಲ! ಆದರೆ ಶಂಕರ್ ನಿರ್ದೇಶಿಸಿದ್ದನ್ನೆಲ್ಲ ಒಟ್ಟಿಗೆ ಹಾಕಿಕೊಂಡು ನೋಡಿ. ಪಂಕ್ತಿ ಯಾವುದೇ ಇರಲಿ, ಅವರ ಕಣ್ಣು ಒಬ್ಬನನ್ನು ಹುಡುಕುತ್ತಾ ಹೋಗುತ್ತೆ: ತಪ್ಪು ಮಾಡಿದವನನ್ನು.

1980ರ ‘ಮಿಂಚಿನ ಓಟ’ ಅವರ ಮೊದಲ ನಿರ್ದೇಶನ. ವಯಸ್ಸು ಇಪ್ಪತ್ತೈದು! ಕಾರು ಕದಿಯೋರು, ಜೈಲಿಂದ ಓಡೋರು. ಅನಂತ್‌ನಾಗ್, ಶಂಕರ್, ಜೊತೆಗೆ ಲೋಕನಾಥ್. ಕಾನೂನಿನ ಲೆಕ್ಕದಲ್ಲಿ ಮೂವರೂ ಕಳ್ಳರು. ಆದರೆ ಓಡ್ತಿರೋರ ಜೊತೆ ನಮ್ಮ ಎದೆಯೂ ಓಡುತ್ತೆ, ಸಿಕ್ಕಿಬೀಳಬಾರದಪ್ಪಾ ಅಂತ ನಾವೇ ಹರಕೆ ಹೊರ್ತೀವಿ. ಅವರನ್ನು ಸಾಧುಗಳನ್ನಾಗಿ ಮಾಡದೇನೇ ನಮ್ಮವರನ್ನಾಗಿ ಮಾಡ್ತಾರಲ್ಲ, ಅದು ಕಸುಬು.

1981ರ ‘ಗೀತಾ’ ನನ್ನ ಈ ಲೆಕ್ಕಕ್ಕೆ ಸಿಗೋಲ್ಲ. ನಾಯಕಿಗೆ ರಕ್ತದ ಕ್ಯಾನ್ಸರ್. ಅಲ್ಲಿ ತಪ್ಪು ವಿಧಿಯದು. ಕಣ್ಣೀರು ಸ್ವಲ್ಪ ಹೆಚ್ಚೇ ಆಯ್ತು ಅನ್ನೋನು ನಾನು. ಇಳಯರಾಜಾ ಹಾಡುಗಳು ಬಂದರೆ ಮಾತ್ರ ಬಾಯಿ ಮುಚ್ಚಿಕೊಳ್ತೀನಿ.

1985ರ ‘ಆಕ್ಸಿಡೆಂಟ್’ಗೆ ಬನ್ನಿ. ನಶೆಯಲ್ಲಿದ್ದ ಶ್ರೀಮಂತರ ಮಕ್ಕಳು ರಾತ್ರಿ ಕಾರು ನುಗ್ಗಿಸಿ, ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳನ್ನು ಅರೆದು ಹಾಕ್ತಾರೆ. ಅದರಲ್ಲೊಬ್ಬ ರಾಜಕಾರಣಿಯ ಮಗ. ಉಳಿದ ಸಾಕ್ಷಿ ಒಬ್ಬನೇ, ರಮೇಶ್ ಭಟ್. ಮಗನನ್ನು ಉಳಿಸೋಕೆ ಹೊರಟ ಅಪ್ಪ ಅನಂತ್‌ನಾಗ್, ಬೆನ್ನು ಹತ್ತಿದ ಪತ್ರಕರ್ತ ಶಂಕರ್. ಸಾಮಾಜಿಕ ಸಮಸ್ಯೆ ಕುರಿತ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಅಪ್ಪನ ಸಂಕಟ ನಮಗೆ ಅರ್ಥವಾಗುತ್ತೆ. ಆದರೂ ಕ್ಷಮೆಯ ಮಾತು ಬಾಯಿಗೆ ಬರದ ಹಾಗೆ ಚಿತ್ರ ಗಂಟಲಲ್ಲೇ ಕೂರುತ್ತೆ. ಕಳ್ಳರಿಗೆ ಪ್ರೀತಿ ಕೊಟ್ಟ ಅದೇ ಮನುಷ್ಯ ಇಲ್ಲಿ ಜುಗ್ಗ!

ನನ್ನ ಕಾಟಕ್ಕೆ ದೋಸ್ತ್ ಕೊನೆಗೂ ಅದನ್ನು ನೋಡಿದ. ಮಾರನೇ ದಿನ ಅಂದ: “ಗುರುವೇ, ನೀನು ಪ್ರಶಸ್ತಿ ಪ್ರಶಸ್ತಿ ಅಂತೀಯ. ನಾನು ರಾತ್ರಿ ಪಾಳಿ ಓಡಿಸೋನು. ತಿರುವಿನಲ್ಲಿ ಮಲಗಿರೋ ಕಾಲುಗಳನ್ನ ದಿನಾ ನೋಡ್ತೀನಿ. ನೀನು ಯಾವತ್ತಾದ್ರೂ ನೋಡಿದ್ದೀಯಾ?” ನಾನು ಗಪ್‌ಚುಪ್.

1987ರ ‘ಒಂದು ಮುತ್ತಿನ ಕಥೆ’ಯಲ್ಲಿ ಶಂಕರ್ ಅಣ್ಣಾವ್ರನ್ನೇ ಕಡಲಿಗಿಳಿಸಿದರು. ಅಮೆರಿಕದ ಸ್ಟೈನ್‌ಬೆಕ್ ಬರೆದ ಕಾದಂಬರಿ ಅದಕ್ಕೆ ಆಧಾರ. ಮುತ್ತು ಸಿಕ್ಕಿದ ಬಡವ ಐತುವಿನ ಬಾಳು ಆ ಮುತ್ತಿನಿಂದಲೇ ಹಾಳು. ಆದರೆ ಅಣ್ಣಾವ್ರು ತೆರೆಗೆ ಬಂದರೆ ನಾವು ಗೆಲುವು ಕೇಳ್ತೀವಿ, ಆ ಕಥೆ ಸೋಲು ಕೇಳುತ್ತೆ. ಎರಡು ದೋಣಿಯಲ್ಲಿ ಕಾಲಿಟ್ಟ ಚಿತ್ರ ಅಂತಲೇ ನನ್ನ ಅಭಿಪ್ರಾಯ. ಬೈಯೋರು ಬೈಯಿರಿ.

ಇನ್ನು ‘ಮಾಲ್ಗುಡಿ ಡೇಸ್’. ಆಗುಂಬೆಯಲ್ಲಿ ಬೀದಿ ಕಟ್ಟಿ, ಅರಸಾಳು ರೈಲು ನಿಲ್ದಾಣಕ್ಕೆ ಮಾಲ್ಗುಡಿ ಅಂತ ಬೋರ್ಡು ಹಾಕಿ ತೆಗೆದದ್ದು. ಪಕ್ಕದ ಮನೆ ಟಿ.ವಿ. ಮುಂದೆ ಚಾಪೆ ಹಾಸಿಕೊಂಡು, ಅರ್ಧಂಬರ್ಧ ಹಿಂದಿಯಲ್ಲಿ ನೋಡಿದವರು ನಾವು. ಎಲ್. ವೈದ್ಯನಾಥನ್ ರಾಗ ಶುರುವಾದರೆ ಅಮ್ಮ ಒಲೆ ಆರಿಸಿ ಓಡಿ ಬರೋಳು. ಎಲ್ಲರಿಗೂ ನೆನಪಿರೋದು ಮಾಸ್ಟರ್ ಮಂಜುನಾಥ್‌ನ ಸ್ವಾಮಿ. ನನಗೆ ಬೇಕಾದದ್ದು ಆರ್.ಕೆ. ನಾರಾಯಣರ ಕಾಣೆಯಾದ ಕಾಗದದ ಕಥೆ. ಅಂಚೆಯವನು ತಾಣಪ್ಪ ಬೀದಿಗೆಲ್ಲ ಬೇಕಾದವನು. ರಾಮಾನುಜಂ ಮಗಳ ಮದುವೆ ಕೂಡಿಬಂದಿದೆ, ಆ ಮುಹೂರ್ತ ತಪ್ಪಿದರೆ ಸಂಬಂಧವೇ ಕೈಬಿಟ್ಟು ಹೋಗೋ ಸ್ಥಿತಿ. ಅಷ್ಟರಲ್ಲಿ ನೆಂಟರೊಬ್ಬರಿಗೆ ಕಾಯಿಲೆ ಜೋರು ಅಂತ ಕಾಗದ, ಹಿಂದೆಯೇ ಸಾವಿನ ತಂತಿ. ತಾಣಪ್ಪ ಎರಡನ್ನೂ ಇಟ್ಟುಕೊಂಡು, ಮದುವೆ ಮುಗಿದ ಮೇಲೆ ತಂದುಕೊಡ್ತಾನೆ. “ದೂರು ಕೊಡಿ, ಕೆಲಸ ಹೋಗಲಿ” ಅಂತಾನೆ. ರಾಮಾನುಜಂ ದೂರು ಕೊಡೋಲ್ಲ. ಆದರೆ ನೀನು ಹೀಗೆ ಮಾಡಬಾರದಿತ್ತು ಅಂತಾನೆ.

ಮೊನ್ನೆ ಇದನ್ನು ಮೊಬೈಲಿನಲ್ಲಿ ಹಾಕಿ ದೋಸ್ತ್‌ಗೆ ತೋರಿಸಿದೆ. ಹೊಡೆದಾಟ ಇಲ್ಲ, ಪೊಲೀಸ್ ಡ್ರೆಸ್ ಇಲ್ಲ, ಈಗ ಆಕಳಿಸ್ತಾನೆ ಅಂತ ಕಾಯ್ತಿದ್ದೆ. ಅವನು ಬೀಡಿ ಹಚ್ಚೋದನ್ನೂ ಮರೆತು ಕೂತಿದ್ದ.

“ನನ್ನ ಮದುವೆ ದಿನ ನಮ್ಮಜ್ಜಿ ತೀರ್ಕೊಂಡ್ರು” ಅಂದ. “ನನ್ನ ಸಾಕಿದ್ದು ಅವ್ರೇ. ಸುದ್ದಿ ನಮ್ಮ ಭಾವನ ಕೈಗೆ ಬಂದಿತ್ತು. ಅವನು ಮೂರು ದಿನ ಬಾಯಿ ಬಿಡಲಿಲ್ಲ. ಮುಖ ನೋಡೋಕೂ ಆಗಲಿಲ್ಲ ಗುರುವೇ. ಆವತ್ತಿಂದ ಅವನ ಮನೆ ಮೆಟ್ಟಿಲು ಹತ್ತಿಲ್ಲ ನಾನು.”

ಇಷ್ಟು ವರ್ಷ ಪಕ್ಕದಲ್ಲಿ ಕೂತು ಸಿನಿಮಾ ಪಾಠ ಮಾಡಿದ್ದೇನೆ. ಇದೊಂದು ಮಾತು ನನಗೆ ಗೊತ್ತಿರಲಿಲ್ಲ.

“ಆ ರಾಮಾನುಜಂ ಹೆಂಗೆ ಸುಮ್ನಾದ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಶಂಕರ್ ಇದ್ದಿದ್ದರೆ ಕೇಳಬಹುದಿತ್ತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ರಸ್ತೆ ಅಪಘಾತ ಅವರನ್ನು ಕರೆದುಕೊಂಡಿತು, ಮೂವತ್ತೈದೇ ವರ್ಷಕ್ಕೆ.

ಅಷ್ಟರಲ್ಲಿ ಲಗ್ಗೆರೆಗೆ ಬರ್ತೀರಾ ಅಂತ ಯಾರೋ ಕೇಳಿದರು. ಅವನು ಎದ್ದು ಗಾಡಿ ಸ್ಟಾರ್ಟ್ ಮಾಡಿದ. ಮತ್ತೆ ಇಳಿದು ಬಂದು, “ನಾಳೆ ಆ ಕೊನೇದೊಂಚೂರು ಇನ್ನೊಂದ್ಸಲ ಹಾಕು” ಅಂದ.